ನಿತ್ಯದ ಅಭ್ಯಾಸವೂ ಬಹುದಿನದ ಬೇನೆಯೂ



ತುರ್ವಿಹಾಳದ ಸೀಮೆಯಲ್ಲಿ ಒಬ್ಬ ಒಕ್ಕಲಿಗನು ಇದ್ದಾನೆಂದು ಎಣಿಸಿಕೊಳ್ಳೋಣ. ಅವನ ವಯಸ್ಸು ಐವತ್ತೆರಡು. ಒಂದು ಮುಂಜಾನೆ ಅವನು ಹೊಲಕ್ಕೆ ಹೊರಡುವದಕ್ಕಾಗಿ ಎದ್ದಾಗ ಬಲಗೈ ಮೇಲೇಳಲಿಲ್ಲ, ಬಾಯಿ ಒಂದು ಕಡೆಗೆ ತಿರುಗಿತು, ಮಾತು ತೊದಲಿತು. ಮನೆಯವರು ಅವನನ್ನು ಸಿಂಧನೂರಿಗೆ ಕರೆದುಕೊಂಡು ಹೋದರು. ರಕ್ತದ ಒತ್ತಡವು ಬಹಳ ವರುಷಗಳಿಂದ ಏರಿದ್ದಿರಬೇಕು, ಸಕ್ಕರೆಯ ಬೇನೆಯೂ ಉಂಟು, ಅವೆರಡೂ ಕೂಡಿ ಲಕ್ವ ಹೊಡೆಯಿತು ಎಂದು ವೈದ್ಯರು ಹೇಳಿದರು. ಅವನನ್ನು ನೋಡಬಂದ ನೆರೆಯವರಲ್ಲಿ ಒಬ್ಬನು, "ಹಣೆಯಲ್ಲಿ ಬರೆದದ್ದನ್ನು ಯಾರು ಅಳಿಸಬಲ್ಲರು?" ಅಂದನು. ಮತ್ತೊಬ್ಬನು ಹೊರಗೆ ಕಟ್ಟೆಯ ಮೇಲೆ ಕೂತು, "ದಿನಾಲು ಎಷ್ಟು ತಂಬಾಕು, ಎಷ್ಟು ಮಿರ್ಚಿ! ಮಾಡಿದ್ದನ್ನು ಉಣ್ಣುತ್ತಾನೆ," ಅಂದನು. ಮೂರನೆಯವನು ಮೆಲ್ಲಗೆ, "ಯಾವ ಪಾಪಕ್ಕೆ ಈ ಶಿಕ್ಷೆಯೋ," ಅಂದನು. ಅವನ ಹೆಂಡತಿಯು ಒಳಗಿನಿಂದ ಈ ಮೂರನ್ನೂ ಕೇಳಿದಳು.

ಇಂಥಾ ಮಾತುಗಳನ್ನು ನಾವೆಲ್ಲರೂ ಕೇಳಿದ್ದೇವೆ. ಸತ್ಯವನ್ನು ಹೇಳಬೇಕಾದರೆ ನಾವೇ ಆಡಿಯೂ ಇದ್ದೇವೆ. ಮೂರನೆಯ ಮಾತಿನ ವಿಷಯದಲ್ಲಿ ಹೆಚ್ಚು ಹೇಳುವದು ಅವಶ್ಯವಿಲ್ಲ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪದ ಫಲವೆಂದು ವಿಚಾರಿಸಿದಾಗ ಅವರ ಗುರುವು ಆ ಎಣಿಕೆಯನ್ನು ಒಪ್ಪಲಿಲ್ಲವೆಂಬದನ್ನು ನಮ್ಮ ವಾಚಕರು ಬಲ್ಲರು. ಆದರೆ ಮೊದಲಿನ ಎರಡು ಮಾತುಗಳು ಅಷ್ಟು ಸುಲಭವಾಗಿ ತಳ್ಳಿಬಿಡತಕ್ಕವುಗಳಲ್ಲ. ಇಂಥಾ ಬೇನೆಯು ವಿಧಿಯಿಂದ ಬರುವದೋ, ನಮ್ಮ ಕೈಯಿಂದಲೇ ಬರುವದೋ? ನಮ್ಮ ಕೈಯಿಂದಲೇ ಬರುವದಾದರೆ, ಬೇನೆಬಿದ್ದವನೊಬ್ಬನೇ ಅದಕ್ಕೆ ತಪ್ಪಿತಸ್ಥನೋ? ಈ ತಿಂಗಳು ಇದನ್ನು ಕುರಿತು ಸ್ವಲ್ಪ ವಿಚಾರಿಸೋಣ.

ಮೊದಲು ವಿಧಿಯ ಮಾತು. ನಮ್ಮ ಹಿರಿಯರ ಕಾಲದಲ್ಲಿ ಕಾಲರಾ, ಪ್ಲೇಗು, ಸಿಡುಬುಗಳು ಊರನ್ನು ಹೊಕ್ಕರೆ ಕೆಲವೇ ದಿವಸಗಳೊಳಗೆ ಮನೆಗಳು ಬರಿದಾಗುತ್ತಿದ್ದವು. ಅವುಗಳ ಕಾರಣವನ್ನು ಅರಿಯದವರು ವಿಧಿಯೆಂದರು, ಅಮ್ಮನ ಕೋಪವೆಂದರು. ಕಾರಣವು ತಿಳಿದ ಮೇಲೆ ಆ ವಿಧಿಯು ಸೋತಿತು. ಸಿಡುಬು ಲೋಕದೊಳಗಿಂದಲೇ ಅಳಿದುಹೋಯಿತೆಂದು ೧೯೮೦ರಲ್ಲಿ ಸಾರಲಾಯಿತು. ಈಗ ನಮ್ಮನ್ನು ಪೀಡಿಸುವ ಬೇನೆಗಳ ರೀತಿಯು ಬೇರೆ. ಜನರು ಶುಗರು, ಬಿಪಿ ಎಂದು ಕರೆಯುವ ಸಕ್ಕರೆಯ ಬೇನೆ ಮತ್ತು ರಕ್ತದ ಒತ್ತಡ, ಅವುಗಳ ಬೆನ್ನಿಗೇ ಬರುವ ಹೃದಯದ ಬೇನೆ ಮತ್ತು ಲಕ್ವ, ತಂಬಾಕಿನಿಂದ ಹುಟ್ಟುವ ಬಾಯಿಯ ಕ್ಯಾನ್ಸರು, ಇವೆಲ್ಲ ಕಳ್ಳನಂತೆ ಒಂದೇ ರಾತ್ರಿಯಲ್ಲಿ ಬರುವವುಗಳಲ್ಲ. ಗೆದ್ದಲು ತೊಲೆಯನ್ನು ತಿನ್ನುವ ಹಾಗೆ ಇವು ಒಳಗಿಂದ ತಿನ್ನುತ್ತವೆ. ತೊಲೆಯು ಮುರಿದುಬಿದ್ದ ದಿನವು ಮನೆಯವರಿಗೆಲ್ಲಾ ನೆನಪಿರುವದು. ಗೆದ್ದಲು ಹೊಕ್ಕ ದಿನವು ಒಬ್ಬನಿಗೂ ತಿಳಿಯದು.

ಈ ಕೆಲಸವು ಒಳಗೆ ಹೇಗೆ ನಡೆಯುವದೆಂಬದನ್ನು ತಿಳಿಯುವದು ಒಳ್ಳೇದು. ನಾವು ಉಂಡ ಅನ್ನವೂ ರೊಟ್ಟಿಯೂ ಜೀರ್ಣವಾಗಿ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುವವು. ಮೇದೋಜೀರಕವೆಂಬ ಗ್ರಂಥಿಯಿಂದ ಹೊರಡುವ ಇನ್ಸುಲಿನ್ ಎಂಬ ರಸವು ಆ ಸಕ್ಕರೆಯನ್ನು ಮಾಂಸಖಂಡಗಳೊಳಗೆ ಸೇರಿಸುವದು. ದುಡಿಯುವ ಮೈ ಅದನ್ನು ವೆಚ್ಚಮಾಡಿ ಬಲ ಹೊಂದುವದು. ಹೊಳಪು ಮಾಡಿದ ಬಿಳೀ ಅಕ್ಕಿಯ ಅನ್ನವು ಬೇಗನೆ ಸಕ್ಕರೆಯಾಗುವದು. ನಾರಿನ ಅಂಶವು ಹೆಚ್ಚಾಗಿರುವ ಧಾನ್ಯವೂ ಕಾಳೂ ಮೆಲ್ಲಗೆ ಆಗುವವು. ತಟ್ಟೆಯಲ್ಲಿ ಬಿಳೀ ಅನ್ನವೇ ತುಂಬಿದ್ದು, ನಡುನಡುವೆ ಸಕ್ಕರೆ ಹಾಕಿದ ಚಹವೂ ಸೇರಿ, ಮೈ ಮಾತ್ರ ದುಡಿಯದೆ ಕೂತಿದ್ದರೆ, ಹೊಟ್ಟೆಯ ಸುತ್ತಲೂ ಕೊಬ್ಬು ಬೆಳೆಯುವದು; ಕ್ರಮೇಣ ಇನ್ಸುಲಿನ್ ಇದ್ದರೂ ಮಾಂಸಖಂಡಗಳು ಅದಕ್ಕೆ ಸರಿಯಾಗಿ ಒಳಪಡದೆ ಹೋಗುವವು. ಆಗ ಸಕ್ಕರೆಯು ರಕ್ತದಲ್ಲಿಯೇ ನಿಂತು ಕಣ್ಣುಗಳನ್ನೂ ಮೂತ್ರಪಿಂಡಗಳನ್ನೂ ಕಾಲಿನ ನರಗಳನ್ನೂ ಕೆಡಿಸುವದು. ಹೀಗೆ ಕಾಲಿನ ನರಗಳು ಸತ್ತವನು ಗದ್ದೆಯ ಕೆಸರಿನಲ್ಲಿ ಬರಿಗಾಲಲ್ಲಿ ನಡೆಯುವಾಗ ಮುಳ್ಳು ಚುಚ್ಚಿದ್ದೇ ತಿಳಿಯದೆ, ಹುಣ್ಣು ಕೊಳೆತು, ಕಡೆಗೆ ಕಾಲನ್ನೇ ಕಳೆದುಕೊಳ್ಳುವದುಂಟು.

ರಕ್ತದ ಒತ್ತಡವು ಇದಕ್ಕಿಂತಲೂ ಮೌನವಾದದ್ದು. ಉಪ್ಪು ಹೆಚ್ಚಾದರೆ ಮೈಯಲ್ಲಿ ನೀರು ಹೆಚ್ಚಾಗಿ ನಿಲ್ಲುವದು. ರಕ್ತನಾಳಗಳ ಮೇಲೆ ಭಾರ ಬೀಳುವದು. ವರುಷಗಳು ಕಳೆದಂತೆ ಅವು ಬಿರುಸಾಗುವವು. ದೊಡ್ಡವರಿಗೆ ದಿನಕ್ಕೆ ೫ ಗ್ರಾಮಿಗಿಂತ ಕಡಿಮೆ ಉಪ್ಪು, ಅಂದರೆ ಒಂದು ಚಿಕ್ಕ ಚಮಚದಷ್ಟು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಅದರಲ್ಲಿ ರೊಟ್ಟಿ, ಪಲ್ಯ, ಹಿಂಡಿ, ಉಪ್ಪಿನಕಾಯಿ, ಅಂಗಡಿಯ ಚಿಪ್ಸು ಎಲ್ಲವೂ ಅಡಕವಾಗಿರಬೇಕು. ಒತ್ತಡವು ಏರಿದವನಿಗೆ ಸಾಧಾರಣವಾಗಿ ನೋವಿಲ್ಲ, ಜ್ವರವಿಲ್ಲ, ಆಯಾಸವೂ ಕಾಣದು. ಆದದರಿಂದ ಅವನು ತನ್ನನ್ನು ಆರೋಗ್ಯವಂತನೆಂದೇ ಎಣಿಸಿಕೊಳ್ಳುವನು.

ಹೀಗಿರಲಾಗಿ ವಿಧಿಯೆಂಬ ಮಾತಿಗೆ ಇಲ್ಲಿ ಬಹಳ ಸ್ಥಳವಿಲ್ಲ. ಒಂದು ದಿನದ ಊಟವು ಯಾರನ್ನೂ ಕೆಡಿಸದು. ಹತ್ತು ಸಾವಿರ ದಿನಗಳ ಊಟವು ಕೆಡಿಸೀತು. ಹಣೆಯ ಮೇಲೆ ಏನಾದರೂ ಬರೆದಿದ್ದರೆ ಅದನ್ನು ದಿನಕ್ಕೆ ಒಂದೊಂದು ಅಕ್ಷರವಾಗಿ ನಾವೇ ಬರೆದಿದ್ದೇವೆ.

ಆದರೆ ಇಲ್ಲಿ "ನಾವು" ಎಂದರೆ ಯಾರು? ಇದನ್ನು ತಿಳಿಯುವದಕ್ಕೆ ನಮ್ಮ ಸೀಮೆಯ ತಟ್ಟೆಯು ಒಂದೇ ಆಯುಷ್ಯದೊಳಗೆ ಹೇಗೆ ಬದಲಾಯಿತೆಂಬದನ್ನು ನೋಡಬೇಕು. ರಾಯಚೂರು ಜಿಲ್ಲೆಯು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ಇಲ್ಲಿಯ ಎರೆಹೊಲಗಳು ಬಿಳಿಜೋಳ, ಸಜ್ಜಿ, ನವಣೆ, ಹತ್ತಿ, ಶೇಂಗಾಗಳ ಹೊಲಗಳಾಗಿದ್ದವು. ೧೯೪೫ರಲ್ಲಿ ತುಂಗಭದ್ರೆಯ ಅಣೆಕಟ್ಟಿನ ಕೆಲಸವು ಆರಂಭವಾಯಿತು; ೧೯೫೩ರಲ್ಲಿ ನಾಲೆಗಳಿಗೆ ನೀರು ಬಿಡಲಾಯಿತು. ಆ ನೀರನ್ನು ಹೆಚ್ಚಾಗಿ ಜೋಳ, ಹತ್ತಿ ಮೊದಲಾದ ಕಡಿಮೆ ನೀರಿನ ಬೆಳೆಗಳಿಗೆ ಕೊಡಬೇಕೆಂದು ಯೋಜಿಸಿದ್ದರೂ, ಭತ್ತದಲ್ಲಿ ಲಾಭವು ಹೆಚ್ಚೆಂದು ಕಂಡದ್ದರಿಂದ ಭತ್ತವೇ ಹರಡಿತು. ಆಂಧ್ರದ ಸೀಮೆಯಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡು ನೆಲೆಸಿದರು. ಸಿಂಧನೂರು ಭತ್ತಕ್ಕೆ ಹೆಸರಾಯಿತು. ಹಬ್ಬಕ್ಕೆ ಮಾತ್ರ ಕಾಣುತ್ತಿದ್ದ ಅನ್ನವು ಪ್ರತಿದಿನದ ಊಟವಾಯಿತು. ನಾಲೆಯು ತಲುಪದ ಹಳ್ಳಿಗಳಿಗೂ ಪಡಿತರದ ಅಕ್ಕಿಯು ತಲುಪಿತು.

ಇದನ್ನು ನಾವು ದೂರುವದಿಲ್ಲ. ೧೮೭೬ರಿಂದ ೧೮೭೮ರ ವರೆಗಿನ ದೊಡ್ಡ ಬರವು ಈ ಸೀಮೆಯಲ್ಲಿ ಮಾಡಿದ ಹಾನಿಯನ್ನು ಬಲ್ಲವರು ನಾಲೆಯ ನೀರನ್ನೂ ತುಂಬಿದ ಅಕ್ಕಿಯ ಚೀಲವನ್ನೂ ಹಳಿಯಲಾರರು. ಹಳೇ ಕಾಲದ ಬಡವನು ಜೋಳದ ರೊಟ್ಟಿಯನ್ನು ಉಣ್ಣುತ್ತಿದ್ದನೆಂಬದು ನಿಜ. ಅನೇಕಾವರ್ತಿ ಅದೂ ಇಲ್ಲದೆ ಮಲಗುತ್ತಿದ್ದನೆಂಬದೂ ನಿಜ. ಆದರೂ ಲಾಭದ ಸಂಗಡ ಬಂದ ನಷ್ಟವನ್ನು ಎಣಿಸದೆ ಬಿಡಬಾರದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ೨೦೧೭ರಲ್ಲಿ ಪ್ರಕಟಿಸಿದ ಪಟ್ಟಿಗಳ ಪ್ರಕಾರ ೧೦೦ ಗ್ರಾಮು ಜೋಳದಲ್ಲಿ ಸುಮಾರು ೧೦ ಗ್ರಾಮು ನಾರಿನ ಅಂಶವುಂಟು. ಅಷ್ಟೇ ಬಿಳೀ ಅಕ್ಕಿಯಲ್ಲಿ ೩ ಗ್ರಾಮು ಸಹ ಇಲ್ಲ. ಅದೇ ಕಾಲದಲ್ಲಿ ಬೀಸುವ ಕಲ್ಲಿನ ಕೆಲಸವನ್ನು ಗಿರಣಿಯು ಮಾಡಿತು, ಕುಂಟೆ ಕೂರಿಗೆಗಳ ಹಿಂದೆ ನಡೆಯುವ ಕೆಲಸವನ್ನು ಟ್ರ್ಯಾಕ್ಟರು ಮಾಡಿತು, ಹೊಲಕ್ಕೆ ನಡೆಯುವದನ್ನು ಮೋಟಾರು ಸೈಕಲ್ಲು ತಪ್ಪಿಸಿತು. ಊಟವು ಬದಲಾಯಿತು, ದುಡಿಮೆಯೂ ಬದಲಾಯಿತು. ಒಳಗಿನ ಮೈ ಮಾತ್ರ ಮೊದಲಿನ ಮೈಯೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯೊಂದು ೨೦೨೩ರಲ್ಲಿ ಪ್ರಕಟವಾಯಿತು. ದೇಶದಲ್ಲಿ ೧೦ ಕೋಟಿಗಿಂತ ಹೆಚ್ಚು ಜನರಿಗೆ ಸಕ್ಕರೆಯ ಬೇನೆಯುಂಟೆಂದೂ, ಹಳ್ಳಿಗಳಲ್ಲಿಯೂ ಪ್ರಾಯದವರೊಳಗೆ ನೂರರಲ್ಲಿ ಸುಮಾರು ೯ ಮಂದಿಗೆ ಅದು ಇದೆಯೆಂದೂ, ಪಟ್ಟಣ ಹಳ್ಳಿಗಳೆರಡನ್ನೂ ಕೂಡಿಸಿದರೆ ಒತ್ತಡವುಳ್ಳವರು ನೂರರಲ್ಲಿ ೩೫ಕ್ಕೂ ಹೆಚ್ಚೆಂದೂ ಅದರಿಂದ ತಿಳಿಯಿತು. ಇದು ಪಟ್ಟಣದ ಧನಿಕರ ಬೇನೆಯೆಂದು ಹಳ್ಳಿಯವರು ಇನ್ನು ಹೇಳಲಾಗದು.

ಈಗ ಎರಡನೆಯ ಮಾತಿಗೆ ಬರೋಣ. ಅಭ್ಯಾಸದಿಂದಲೇ ಬೇನೆಯು ಬರುವದಾದರೆ, ಕಟ್ಟೆಯ ಮೇಲೆ ಕೂತವನು ಆಡಿದ ಮಾತು ಸರಿಯಲ್ಲವೇ? ಇದಕ್ಕೆ ಉತ್ತರವನ್ನು ಮೈಸೂರಿನ ಮಿಷನ್ ಆಸ್ಪತ್ರೆಯೊಂದರ ಹಳೇ ದಫ್ತರಗಳಿಂದ ಕೊಡುವೆವು. ೧೯೦೬ರಲ್ಲಿ ತೆರೆಯಲ್ಪಟ್ಟ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೩೪ರಿಂದ, ಹುಟ್ಟಿದ ಪ್ರತಿಯೊಂದು ಕೂಸಿನ ತೂಕವನ್ನೂ ಉದ್ದವನ್ನೂ ತಲೆಯ ಸುತ್ತಳತೆಯನ್ನೂ ಬರೆದಿಡುವ ಪದ್ಧತಿಯು ಇತ್ತು. ಆ ದಫ್ತರಗಳು ಮುಂದೆ ಯಾವ ಉಪಯೋಗಕ್ಕೆ ಬರುವವೆಂದು ಬರೆದವರಿಗೆ ತಿಳಿದಿರಲಾರದು. ಸುಮಾರು ಅರವತ್ತು ವರುಷಗಳ ಮೇಲೆ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು ಆಸ್ಪತ್ರೆಯವರೊಂದಿಗೆ ಸೇರಿ, ೧೯೩೪ರಿಂದ ೧೯೫೪ರ ವರೆಗೆ ಅಲ್ಲಿ ಹುಟ್ಟಿದವರಲ್ಲಿ ೫೧೭ ಮಂದಿಯನ್ನು ಕಂಡುಹಿಡಿದು ಪರೀಕ್ಷಿಸಿದರು. ಹುಟ್ಟುವಾಗ ತೂಕವು ಕಡಿಮೆಯಾಗಿದ್ದವರಲ್ಲಿ ನಡುವಯಸ್ಸಿನ ಮೇಲೆ ಹೃದಯದ ಬೇನೆಯು ಹೆಚ್ಚಾಗಿ ಕಂಡುಬಂತು. ಅವರ ತಾಯಂದಿರೂ ಬಡಕಲಾಗಿದ್ದಲ್ಲಿ ಅದು ಇನ್ನೂ ಹೆಚ್ಚಾಗಿತ್ತು. ಇದು ೧೯೯೬ರಲ್ಲಿ ಪ್ರಕಟವಾಯಿತು.

ವಾಚಕರೇ, ಇದನ್ನು ಸ್ವಲ್ಪ ಆಲೋಚಿಸಿರಿ. ಐವತ್ತು ವರುಷದವನ ಎದೆಯ ಬೇನೆಗೆ ಅವನು ಹುಟ್ಟುವ ಮೊದಲು ಅವನ ತಾಯಿಯ ಮುಂದೆ ಇದ್ದ ತಟ್ಟೆಯೂ ಒಂದು ಕಾರಣವಾಗಬಲ್ಲದು. ಅವಳ ತಟ್ಟೆಯನ್ನು ಬಡಿಸಿದವರು ಯಾರು? ನಮ್ಮ ಅನೇಕ ಮನೆಗಳಲ್ಲಿ ಗಂಡಸರು ಮೊದಲು ಉಣ್ಣುವರು, ಮಕ್ಕಳು ಆಮೇಲೆ, ಅತ್ತೆಯು ಅನಂತರ. ಬಸುರಿಯಾದ ಸೊಸೆಯು ಕಡೆಗೆ ಉಳಿದ ರೊಟ್ಟಿಯನ್ನೂ ಪಾತ್ರೆಯ ತಳದ ಸಾರನ್ನೂ ಉಣ್ಣುವಳು. ಇದನ್ನು ನಾವು ದುಷ್ಟತನವೆಂದು ಎಣಿಸುವದಿಲ್ಲ, ಮರ್ಯಾದೆಯೆಂದೇ ಎಣಿಸುತ್ತೇವೆ. ಆದರೆ ಇದೂ ಒಂದು ನಿತ್ಯದ ಅಭ್ಯಾಸವಲ್ಲವೇ? ಇದರ ಫಲವನ್ನು ಉಣ್ಣುವವರು ಅಭ್ಯಾಸ ಮಾಡಿದವರಲ್ಲ, ಇನ್ನೂ ಹುಟ್ಟದಿರುವವರು. ಒಲೆಯ ಹೊಗೆಯೂ ಹಾಗೆಯೇ. ಸಿಲಿಂಡರು ಬಂದ ಮನೆಯಲ್ಲಿಯೂ ರೊಟ್ಟಿ ಸುಡುವದಕ್ಕೆ ಹತ್ತಿಕಟ್ಟಿಗೆ ಉರಿಯುವದುಂಟು. ಹೊಗೆ ಹೋಗುವದಕ್ಕೆ ಕಿಂಡಿ ಇರುವದಿಲ್ಲ. ಬೀಡಿಯನ್ನು ಎಂದೂ ಮುಟ್ಟದ ಹೆಂಗಸು ಮುದುಕಿಯಾದಾಗ ಬೀಡಿ ಸೇದಿದವನ ಹಾಗೆ ಕೆಮ್ಮುತ್ತಾ ಏದುವಳು. ಅವಳು ಮಾಡಿದ್ದನ್ನು ಉಣ್ಣುತ್ತಾಳೆಂದು ಯಾರು ಹೇಳಬಲ್ಲರು?

ಇನ್ನು ಕೂಲಿಯವನ ಸಂಗತಿ. ನೀವು ಜೋಳ, ಕಾಳು, ಸೊಪ್ಪು ಎಂದು ಹೇಳುವದು ಸುಲಭ. ಪಡಿತರದ ಅಂಗಡಿಯಲ್ಲಿ ಅಕ್ಕಿ ಕೊಟ್ಟರೆ ನಾನು ಅಕ್ಕಿಯನ್ನೇ ಉಣ್ಣಬೇಕಲ್ಲವೇ ಎಂದು ಅವನು ಕೇಳುವನು. ಅವನ ಮಾತು ನ್ಯಾಯವಾದದ್ದೇ. ತಂಬಾಕಿನ ವಿಷಯವನ್ನೂ ನೋಡಿರಿ. ೨೦೧೩ರಲ್ಲಿ ಕರ್ನಾಟಕ ಸರಕಾರವು ಗುಟ್ಕಾವನ್ನು ನಿಷೇಧಿಸಿತು. ಒಡನೆಯೇ ಪಾನ್ ಮಸಾಲೆಯ ಚೀಟಿ ಒಂದು, ತಂಬಾಕಿನ ಚೀಟಿ ಒಂದು ಎಂದು ಬೇರೆಬೇರೆಯಾಗಿ ಮಾರತೊಡಗಿದರು. ಕೊಂಡವನು ಅಂಗೈಯಲ್ಲಿ ಎರಡನ್ನೂ ಕೂಡಿಸಿ ಬಾಯಿಗೆ ಹಾಕಿಕೊಳ್ಳುವನು. ಹದಿನಾಲ್ಕು ವರುಷದ ಹುಡುಗನು ಮೊದಲನೆಯ ಸಾರಿ ಅದನ್ನು ತಿಂದಾಗ ಕೊಟ್ಟವನು ಯಾರು, ಮಾರಿದವನು ಯಾರು, ಕಂಡು ಸುಮ್ಮನಿದ್ದವರು ಯಾರು? ಮುಂದೆ ಬಾಯಿ ತೆರೆಯಲಾರದೆ ಕೂತ ದಿನ ಅವನೊಬ್ಬನ ಮೇಲೆ ತಪ್ಪನ್ನೆಲ್ಲಾ ಹೊರಿಸುವದು ನ್ಯಾಯವಲ್ಲ.

ಹಾಗಾದರೆ ಯಾರ ತಪ್ಪೂ ಇಲ್ಲವೆಂದು ಕೈತೊಳೆದುಕೊಳ್ಳೋಣವೇ? ಅದೂ ಅಲ್ಲ. ನಮ್ಮ ಅಭಿಪ್ರಾಯವೇನಂದರೆ, ತಪ್ಪು ಬೇರೆ, ಹೊಣೆ ಬೇರೆ. ತಪ್ಪನ್ನು ಹುಡುಕುವವನು ಹಿಂದಕ್ಕೆ ತಿರುಗಿ ನೋಡುವನು. ಹೊಣೆಯನ್ನು ಹೊರುವವನು ನಾಳೆಯ ಊಟವನ್ನು ನೋಡುವನು. ನಮ್ಮ ಕೈಯಲ್ಲಿ ಎಷ್ಟು ಇದೆಯೋ ನಮ್ಮ ಲೆಕ್ಕವೂ ಅಷ್ಟೇ. ಕೂಲಿಯವನ ಕೈಯಲ್ಲಿ ಸ್ವಲ್ಪವೇ ಇರುವದು, ಆ ಸ್ವಲ್ಪಕ್ಕೆ ಅವನು ಹೊಣೆ. ಬಡಿಸುವ ಅತ್ತೆಯ ಕೈಯಲ್ಲಿ ಹೆಚ್ಚು ಇರುವದು. ಅಂಗಡಿಯವನ ಕೈಯಲ್ಲಿ ಇನ್ನೂ ಹೆಚ್ಚು. ಗದ್ದೆಯ ಒಡೆಯನ, ಪಂಚಾಯಿತಿಯ ಸದಸ್ಯನ, ಸಭೆಯ ಹಿರಿಯನ ಕೈಯಲ್ಲಿ ಅದಕ್ಕಿಂತಲೂ ಹೆಚ್ಚು. ಬೇನೆಬಿದ್ದವನನ್ನು ದೂರುವದರಿಂದ ಇವರಲ್ಲಿ ಯಾರ ಹೊಣೆಯೂ ಇಳಿಯುವದಿಲ್ಲ.

ಅಭ್ಯಾಸವನ್ನು ಬಿಟ್ಟರೆ ನಿಜವಾಗಿ ಪ್ರಯೋಜನವುಂಟೋ ಎಂದು ಕೆಲವರು ಸಂಶಯಪಡುವರು. ಉಂಟು. ಚೆನ್ನೈಯ ವೈದ್ಯರು, ಸಕ್ಕರೆಯ ಬೇನೆಯ ಅಂಚಿನಲ್ಲಿದ್ದ ೫೩೧ ಮಂದಿಯನ್ನು ಮೂರು ವರುಷ ನೋಡಿಕೊಂಡು ೨೦೦೬ರಲ್ಲಿ ಫಲವನ್ನು ಪ್ರಕಟಿಸಿದರು. ಸುಮ್ಮನೆ ಬಿಟ್ಟವರೊಳಗೆ ನೂರರಲ್ಲಿ ೫೫ ಮಂದಿಗೆ ಬೇನೆ ಬಂತು. ಊಟವನ್ನು ತಿದ್ದಿಕೊಂಡು ದಿನಕ್ಕೆ ಅರ್ಧ ತಾಸು ನಡೆಯುವಂತೆ ಬುದ್ಧಿಹೇಳಲ್ಪಟ್ಟವರೊಳಗೆ ೩೯ ಮಂದಿಗೆ ಮಾತ್ರ ಬಂತು. ಮೊದಲೇ ಮೈಮುರಿದು ದುಡಿಯುವವರಿಗೆ ಬೇರೆ ವ್ಯಾಯಾಮವನ್ನು ಹೇಳಲಿಲ್ಲ, ಅದನ್ನೇ ಬಿಡದೆ ಮಾಡಿರೆಂದರು. ಬ್ರಿಟನ್ನಿನಲ್ಲಿ ೧೯೫೧ರಿಂದ ಐವತ್ತು ವರುಷ ವೈದ್ಯರ ಗುಂಪೊಂದನ್ನು ಪರಿಶೀಲಿಸಿದಾಗ, ಸಿಗರೇಟನ್ನು ಕಡೆಯ ತನಕ ಸೇದಿದವರು ಸರಾಸರಿ ೧೦ ವರುಷ ಮುಂಚೆ ಸತ್ತರೆಂದೂ, ಐವತ್ತನೆಯ ವಯಸ್ಸಿನಲ್ಲಿ ಬಿಟ್ಟವರು ಸುಮಾರು ೬ ವರುಷಗಳನ್ನು ಹಿಂದಕ್ಕೆ ಪಡೆದರೆಂದೂ, ಮೂವತ್ತರಲ್ಲಿ ಬಿಟ್ಟವರು ಹೆಚ್ಚು ಕಡಿಮೆ ಎಲ್ಲವನ್ನೂ ಪಡೆದರೆಂದೂ ತಿಳಿದುಬಂತು. ಎಲ್ಲರೂ ತಪ್ಪಿಸಿಕೊಂಡರೆಂದು ನಾವು ಹೇಳುವದಿಲ್ಲ. ಒಳ್ಳೇ ಅಭ್ಯಾಸವುಳ್ಳವನಿಗೂ ಬೇನೆ ಬರುವದುಂಟು. ಆದಕಾರಣ ಅಂಥವನನ್ನು ನೋಡಿ ಅಭ್ಯಾಸವು ವ್ಯರ್ಥವೆನ್ನಬಾರದು, ಬೇನೆಬಿದ್ದವನನ್ನು ನೋಡಿ ಕೆಟ್ಟವನೆನ್ನಲೂ ಬಾರದು.

ಬಡವರಾದ ನಮ್ಮಿಂದ ಇದೆಲ್ಲಾ ಆಗದೆಂದು ಹೇಳುವವರು ಒಮ್ಮೆ ಮಸ್ಕಿಗೆ ಹೋಗಿ ನೋಡಲಿ. ಅಲ್ಲಿಯ ಬಂಡೆಯ ಮೇಲೆ ೧೯೧೫ರಲ್ಲಿ ಕಂಡುಬಂದ ಅಶೋಕ ರಾಜನ ಶಾಸನವುಂಟು. ಒಳ್ಳೇದನ್ನು ಸಾಧಿಸುವದು ದೊಡ್ಡವರಿಂದ ಮಾತ್ರವಲ್ಲ, ಪ್ರಯತ್ನಪಡುವ ಸಣ್ಣವರಿಂದಲೂ ಆಗುವದೆಂಬದು ಅದರ ತಾತ್ಪರ್ಯ. ಎರಡು ಸಾವಿರ ವರುಷಗಳಿಗಿಂತ ಹಿಂದೆ ನಮ್ಮ ಸೀಮೆಯ ಕಲ್ಲಿನ ಮೇಲೆಯೇ ಬರೆಯಿಸಿದ ಮಾತು ಇದು.

ಆದದರಿಂದ ಸಣ್ಣವರಾದ ನಾವು ಮಾಡತಕ್ಕ ಸಣ್ಣ ಕೆಲಸಗಳನ್ನು ಹೇಳುವೆವು. ದಿನದ ಎರಡು ಊಟಗಳಲ್ಲಿ ಒಂದಾದರೂ ರೊಟ್ಟಿಯದ್ದಾಗಿರಲಿ. ಅನ್ನವಿದ್ದಾಗ ಅನ್ನವನ್ನು ಕಡಿಮೆ ಮಾಡಿ ಕಾಳು, ಬೇಳೆ, ಪುಂಡಿಪಲ್ಯ, ಹಿತ್ತಲಿನ ಸೊಪ್ಪುಗಳನ್ನು ಹೆಚ್ಚಿಸಿರಿ. ಉಪ್ಪಿನ ಡಬ್ಬಿಯನ್ನು ಊಟದ ಸ್ಥಳಕ್ಕೆ ತರಬೇಡಿರಿ. ಒಗ್ಗರಣೆ ಮಿರ್ಚಿಯು ಸಂತೆಯ ದಿನದ ರುಚಿಯಾಗಿರಲಿ, ಪ್ರತಿ ಮುಂಜಾನೆಯ ಊಟವಾಗದಿರಲಿ. ಬಂದವನು ಚಹದಲ್ಲಿ ಸಕ್ಕರೆ ಬೇಡವೆಂದರೆ ಅದನ್ನು ಅವಮಾನವೆಂದು ತಿಳಿಯಬೇಡಿರಿ. ಆರಾಧನೆಯ ಮೇಲೆ ಕೊಡುವ ಚಹದಲ್ಲಿಯೂ ಸಕ್ಕರೆಯನ್ನು ಬೇರೆಯಾಗಿ ಇಟ್ಟರೆ ಯಾರಿಗೂ ನಷ್ಟವಿಲ್ಲ. ಹತ್ತಿರದ ಹೊಲಕ್ಕೂ ದೇವಾಲಯಕ್ಕೂ ನಡೆದು ಹೋಗಿರಿ. ತಂಬಾಕನ್ನು ಮಕ್ಕಳ ಕೈಯಿಂದ ತರಿಸಬೇಡಿರಿ. ಸ್ವತಃ ತಿನ್ನುವವರು ಬಿಡುವದಕ್ಕೆ ಒಬ್ಬರಿಗೊಬ್ಬರು ಜೊತೆಯಾಗಿರಿ. ಅಡಿಗೆಮನೆಯ ಗೋಡೆಯಲ್ಲಿ ಒಂದು ಕಿಂಡಿಯನ್ನು ತೆಗೆಯಿರಿ. ಬಸುರಿಯು ಎಲ್ಲರ ಸಂಗಡ ಕೂತು ಹೊಟ್ಟೆತುಂಬ ಉಣ್ಣಲಿ.

ಮೂವತ್ತು ವರುಷ ಮೀರಿದವರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಒತ್ತಡವನ್ನೂ ಸಕ್ಕರೆಯನ್ನೂ ಹಣ ತೆಗೆದುಕೊಳ್ಳದೆ ಪರೀಕ್ಷಿಸುವರು. ಒತ್ತಡವು ೧೪೦ಕ್ಕೆ ೯೦ ಅಥವಾ ಅದಕ್ಕಿಂತ ಹೆಚ್ಚಾಗಿ ಮತ್ತೆ ಮತ್ತೆ ಬಂದರೂ, ಉಪವಾಸದ ರಕ್ತದಲ್ಲಿ ಸಕ್ಕರೆಯು ೧೨೬ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೂ ವೈದ್ಯರ ಮಾತನ್ನು ಕೇಳತಕ್ಕದ್ದು. ಮೈ ಹಗುರವಾಯಿತೆಂದು ಗುಳಿಗೆಗಳನ್ನು ತಾವೇ ನಿಲ್ಲಿಸುವವರು ಬಹಳ ಮಂದಿ. ಗುಳಿಗೆ ನುಂಗುವದು ನಂಬಿಕೆಯ ಕೊರತೆಯೆಂದು ಹೇಳುವವರೂ ಉಂಟು. ಹೊಲಕ್ಕೆ ಬೇಲಿ ಹಾಕುವದನ್ನು ನಾವು ಅಪನಂಬಿಕೆಯೆಂದು ಕರೆಯುವದಿಲ್ಲವಷ್ಟೆ, ಗುಳಿಗೆಯೂ ಹಾಗೆಯೇ.

ನಾವು ಮೊದಲಲ್ಲಿ ಹೇಳಿದ ಒಕ್ಕಲಿಗನ ಮನೆಗೆ ತಿರಿಗಿ ಹೋಗೋಣ. ಅವನನ್ನು ನೋಡಬಂದವರು ವಿಧಿಯ ಮಾತನ್ನೂ ತಪ್ಪಿನ ಮಾತನ್ನೂ ಬಿಟ್ಟು ಏನು ಮಾಡಬಹುದಾಗಿತ್ತು? ಒಬ್ಬನು ಅವನ ಬಲಗೈಯನ್ನು ಹಿಡಿದು ವೈದ್ಯರು ಹೇಳಿದ ಹಾಗೆ ದಿನಾಲು ಆಡಿಸಬಹುದಾಗಿತ್ತು. ಇನ್ನೊಬ್ಬನು ಅವನ ಇಬ್ಬರು ಗಂ‌ಡುಮಕ್ಕಳನ್ನು ಕರೆದುಕೊಂಡುಹೋಗಿ ಅವರ ಒತ್ತಡವನ್ನು ನೋಡಿಸಬಹುದಾಗಿತ್ತು. ಮತ್ತೊಬ್ಬನು ತನ್ನ ಜೇಬಿನ ತಂಬಾಕಿನ ಚೀಟಿಯನ್ನು ಆ ಅಂಗಳದಲ್ಲಿಯೇ ಎಸೆಯಬಹುದಾಗಿತ್ತು. ಇಂಥಾ ಮನೆಯು ನಮ್ಮ ನಮ್ಮ ಊರುಗಳಲ್ಲಿ ಇದ್ದೇ ಇರುವದು. ವಾಚಕರು ಈ ಪತ್ರಿಕೆಯನ್ನು ಮಡಚಿಟ್ಟ ಮೇಲೆ ಆ ಮನೆಗೆ ಹೋಗಲಿ. ಮತ್ತು ಈ ಸಂಜೆ ತಮ್ಮ ಮನೆಯಲ್ಲಿ ತಟ್ಟೆಗಳನ್ನು ಇಡುವಾಗ ಯಾರ ತಟ್ಟೆಯಲ್ಲಿ ಏನು ಇದೆಯೆಂಬದನ್ನು ಒಮ್ಮೆ ನೋಡಲಿ.